ಒಳಗೆ ಬಂದ ಬಟ್ಟೆ, ಹೊರಗೆ ಉಳಿದ ಮಕ್ಕಳು

ಐವತ್ತರ ದಶಕದ ಅಮೆರಿಕದ ಹುಡುಗಿಯ ಚಿತ್ರ ಬರೆಯಿರಿ ಎಂದರೆ ನಿಮ್ಮಲ್ಲಿ ಹೆಚ್ಚಿನವರು ಒಂದೇ ಚಿತ್ರ ಬರೆಯುತ್ತೀರಿ. ಸೊಂಟದಲ್ಲಿ ಬಿಗಿಯಾಗಿ, ಕೆಳಗೆ ವೃತ್ತಾಕಾರವಾಗಿ ಹರಡಿಕೊಂಡ ಲಂಗ, ಅದರ ಮೇಲೊಂದು ಪೂಡಲ್ ನಾಯಿ, ಪೋನಿಟೇಲ್, ಗಿಡ್ಡ ಬಿಳಿ ಕಾಲುಚೀಲ, ಹಿನ್ನೆಲೆಯಲ್ಲಿ ಜೂಕ್‌ಬಾಕ್ಸ್. ಸಿನಿಮಾ ಮತ್ತು ಜಾಹೀರಾತುಗಳು ಸೇರಿ ಈ ಚಿತ್ರವನ್ನು ನಮ್ಮ ತಲೆಯಲ್ಲಿ ಅಚ್ಚೊತ್ತಿಬಿಟ್ಟಿವೆ. ಆ ಲಂಗದಿಂದಲೇ ಶುರು ಮಾಡೋಣ. ತಮಾಷೆಯೆಂದರೆ ಅದರ ಹುಟ್ಟಿನ ಕಥೆಯಲ್ಲಿ ಹದಿಹರೆಯದ ಹುಡುಗಿ ಎಲ್ಲಿಯೂ ಇಲ್ಲ.

1947ರ ಡಿಸೆಂಬರ್. ಲಾಸ್ ಏಂಜಲೀಸ್‌ನಲ್ಲಿದ್ದ ಜೂಲಿ ಲಿನ್ ಶಾರ್ಲೋ ಎಂಬ ಗಾಯಕಿಗೆ ಕ್ರಿಸ್‌ಮಸ್ ಪಾರ್ಟಿಗೆ ಹೋಗಲು ಹೊಸ ಬಟ್ಟೆ ಬೇಕಿತ್ತು. ಗಂಡನ ಕೆಲಸ ಹೋಗಿತ್ತು, ಕೈಯಲ್ಲಿ ಕಾಸಿರಲಿಲ್ಲ, ಜೊತೆಗೆ ಆಕೆಗೆ ಹೊಲಿಗೆಯೂ ಬರುತ್ತಿರಲಿಲ್ಲ. ತಾಯಿಯ ಕಾರ್ಖಾನೆಯಲ್ಲಿ ಫೆಲ್ಟ್ ಸಿಗುತ್ತಿತ್ತು. ಫೆಲ್ಟ್ ನೇಯ್ದ ಬಟ್ಟೆಯಲ್ಲ, ಉಣ್ಣೆಯನ್ನು ಒತ್ತಿ ಹಾಳೆ ಮಾಡಿದ್ದು. ದೊಡ್ಡ ಪನ್ನದಲ್ಲಿ ಸಿಗುತ್ತದೆ, ಕತ್ತರಿಸಿದ ಅಂಚಿನಿಂದ ನೂಲು ಬಿಚ್ಚಿಕೊಳ್ಳುವುದಿಲ್ಲ. ಹಾಗಾಗಿ ದೊಡ್ಡದೊಂದು ವೃತ್ತ ಕತ್ತರಿಸಿ ನಡುವೆ ಸೊಂಟದಳತೆಯ ತೂತು ಮಾಡಿದರೆ ಲಂಗ ಸಿದ್ಧ. ತುಂಡುಗಳನ್ನು ಜೋಡಿಸಬೇಕಿಲ್ಲ, ಅಂಚು ಮಡಿಸಿ ಹೊಲಿಯಬೇಕಿಲ್ಲ. ಮೇಲೆ ಕ್ರಿಸ್‌ಮಸ್ ಮರದ ಆಕಾರಗಳನ್ನು ಅಂಟಿಸಿಕೊಂಡು ಪಾರ್ಟಿಗೆ ಹೋದರು. ಆಮೇಲೆ ಬೆವರ್ಲಿ ಹಿಲ್ಸ್‌ನ ಒಂದು ಅಂಗಡಿ ಅಂಥ ಲಂಗಗಳನ್ನು ಮಾರಾಟಕ್ಕಿಟ್ಟಿತು, ಇಟ್ಟವೆಲ್ಲ ಖರ್ಚಾದವು. ಹಬ್ಬ ಮುಗಿದ ಮೇಲೆ ಕ್ರಿಸ್‌ಮಸ್ ಮರ ಯಾರಿಗೆ ಬೇಕು? ನಾಯಿಗಳು ಬಂದವು. ಮೊದಲು ಡ್ಯಾಶ್‌ಹುಂಡ್, ಆಮೇಲೆ ಪೂಡಲ್.

ದೊಡ್ಡವರ ಪಾರ್ಟಿಗೆಂದು ಹುಟ್ಟಿದ ಈ ಲಂಗ ಕೆಲವೇ ವರ್ಷಗಳಲ್ಲಿ ಹೈಸ್ಕೂಲ್ ಹುಡುಗಿಯರ ಪಾಲಾಯಿತು. ಮನೆಯಲ್ಲೇ ಮಾಡಿಕೊಳ್ಳಬಹುದಿತ್ತು ಎಂಬುದು ಒಂದು ಕಾರಣ. ಒಳಗೆ ಪದರ ಪದರವಾಗಿ ಪೆಟಿಕೋಟು, ಅದು ಸೆಟೆದು ನಿಲ್ಲಲು ಗಂಜಿ. ಗಂಜಿ ಸಾಲದು ಎನಿಸಿದವರು ಸಕ್ಕರೆ ನೀರಿನಲ್ಲಿ ಅದ್ದಿ ಒಣಗಿಸುತ್ತಿದ್ದರು. ಸೆಕೆಯ ದಿನ ಅದನ್ನು ತೊಟ್ಟು ಕುಣಿದರೆ ಕಾಲಿನ ಗತಿ ಏನಾಗಿರಬಹುದು ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಇವತ್ತು ನಾನು ಹೇಳಲು ಬಂದಿರುವ ಮಾತು ಇದು. ಆ ಕಾಲದ ಹದಿಹರೆಯದವರು ತೊಟ್ಟದ್ದರಲ್ಲಿ, ಹಾಡಿದ್ದರಲ್ಲಿ, ಕುಣಿದದ್ದರಲ್ಲಿ ಬಹುಪಾಲು ಕೆಳಗಿನಿಂದ ಬಂತು: ಕೂಲಿಕಾರರಿಂದ, ಕಪ್ಪುವರ್ಣೀಯರಿಂದ, ಮೆಕ್ಸಿಕೋ ಮೂಲದ ಹುಡುಗರಿಂದ. ಆದರೆ ಹೈಸ್ಕೂಲಿನ ಗುಂಪುಗಳ ಬಾಗಿಲು ಅದೇ ಜನರಿಗೆ ಮುಚ್ಚಿತ್ತು. ಪೂಡಲ್ ಲಂಗ ಈ ಮಾತಿಗೆ ಹೊರತು. ಅದು ಬೆವರ್ಲಿ ಹಿಲ್ಸ್‌ನಿಂದಲೇ ಇಳಿದು ಬಂದದ್ದು. ಕೊನೆಯಲ್ಲಿ ಯಾರೂ ಎದ್ದು ನಿಂತು ನನ್ನನ್ನು ಹಿಡಿಯಬಾರದೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಗುಂಪು ಕಟ್ಟಬೇಕಾದರೆ ಮೊದಲು ಒಂದೆಡೆ ಸೇರಬೇಕಲ್ಲ. 1910ರಲ್ಲಿ ಅಮೆರಿಕದಲ್ಲಿ ಹದಿನೆಂಟು ತುಂಬಿದ ನೂರು ಮಂದಿಯಲ್ಲಿ ಹೈಸ್ಕೂಲ್ ಮುಗಿಸಿದವರು ಸುಮಾರು 9 ಜನ. ಉಳಿದವರು ಹೊಲದಲ್ಲಿ, ಗಿರಣಿಯಲ್ಲಿ, ಅಂಗಡಿಯಲ್ಲಿ, ಮನೆಗೆಲಸದಲ್ಲಿ, ಅಂದರೆ ದೊಡ್ಡವರ ನಡುವೆ ಇದ್ದರು. 1940ರ ಹೊತ್ತಿಗೆ ಆ 9 ಸುಮಾರು 50 ಆಗಿತ್ತು. ನಡುವೆ ಬಂದದ್ದು ಮೂವತ್ತರ ದಶಕದ ಆರ್ಥಿಕ ಕುಸಿತ. ಮನೆಯ ಯಜಮಾನನಿಗೇ ಕೆಲಸವಿಲ್ಲದಾಗ ಹದಿನಾರರ ಹುಡುಗನಿಗೆ ಯಾರು ಕೊಟ್ಟಾರು? 1938ರ ಕಾರ್ಮಿಕ ಕಾಯ್ದೆ ಹದಿನಾರರೊಳಗಿನವರನ್ನು ಕಾರ್ಖಾನೆ, ಗಣಿಗಳಿಂದ ದೂರ ಇಟ್ಟಿತು. ಬೇರೆಲ್ಲೂ ಜಾಗವಿಲ್ಲದ ಮಕ್ಕಳು ಶಾಲೆಗೆ ಬಂದು ಸೇರಿದರು. ಒಂದೇ ವಯಸ್ಸಿನ ನೂರಾರು ಮಂದಿ ನಾಲ್ಕು ವರ್ಷ ಅದೇ ಕಾರಿಡಾರು, ಅದೇ ಊಟದ ಕೋಣೆ. ಇವತ್ತು ಮಧ್ಯಾಹ್ನ ಯಾರ ಪಕ್ಕ ಕೂರಬೇಕು ಎಂಬುದು ಬದುಕಿನ ಮುಖ್ಯ ಪ್ರಶ್ನೆಯಾದದ್ದು ಹೀಗೆ.

ಇಲ್ಲೊಂದು ಸಣ್ಣ ತಿದ್ದುಪಡಿ. ಐವತ್ತರ ದಶಕದ ಹದಿಹರೆಯದವರು ಎರಡನೇ ಮಹಾಯುದ್ಧ ಮುಗಿದ ಮೇಲೆ ಹೆರಿಗೆಗಳು ಏಕಾಏಕಿ ಹೆಚ್ಚಿದ ಕಾಲದ, ಬೇಬಿ ಬೂಮ್ ಎನ್ನುವ ಪೀಳಿಗೆಯ ಮಕ್ಕಳು ಎಂದು ಬಹಳ ಜನ ತಿಳಿದಿದ್ದಾರೆ. ಲೆಕ್ಕ ಕೂಡುವುದಿಲ್ಲ. 1955ರಲ್ಲಿ ಹದಿನಾರು ತುಂಬಿದ ಹುಡುಗ ಹುಟ್ಟಿದ್ದು 1939ರಲ್ಲಿ. ಅದು ಹೆರಿಗೆಗಳು ಕಡಿಮೆಯಿದ್ದ ಕಾಲ. ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿಯನ್ನು ನೋಡಿ ಕಿರುಚಿದವರು ಸಂಖ್ಯೆಯಲ್ಲಿ ದೊಡ್ಡ ಪೀಳಿಗೆಯವರೇನಲ್ಲ. ಅವರ ಕೈಯಲ್ಲಿ ಹಿಂದಿನವರಿಗಿಂತ ಹೆಚ್ಚು ದುಡ್ಡಿತ್ತು, ಅಷ್ಟೇ.

ಈಗ ಗುಂಪುಗಳ ವಿಷಯ. ಆಗಸ್ಟ್ ಹಾಲಿಂಗ್ಸ್‌ಹೆಡ್ ಎಂಬ ಸಮಾಜಶಾಸ್ತ್ರಜ್ಞರು 1941ರಲ್ಲಿ ಇಲಿನಾಯ್ ರಾಜ್ಯದ ಮಾರಿಸ್ ಎಂಬ ಸಣ್ಣ ಊರಿನಲ್ಲಿ ಹದಿಹರೆಯದವರ ಅಧ್ಯಯನ ಶುರು ಮಾಡಿದರು. ಊರಿನ ಗುಟ್ಟು ಕಾಪಾಡಲು ಬರವಣಿಗೆಯಲ್ಲಿ ಅದಕ್ಕೆ ಎಲ್ಮ್‌ಟೌನ್ ಎಂಬ ಹೆಸರಿಟ್ಟರು. ಊರಿನ 735 ಹುಡುಗ ಹುಡುಗಿಯರು, ಊರಿನವರ ಅಂದಾಜಿನ ಪ್ರಕಾರವೇ ಐದು ವರ್ಗಗಳಾಗಿ ವಿಂಗಡಿಸಿದ ಅವರ ಮನೆತನಗಳು. ಯಾರು ಯಾರ ಜೊತೆ ಓಡಾಡುತ್ತಾರೆ ಎಂಬುದನ್ನು ಕೂತು ಲೆಕ್ಕ ಹಾಕಿದರು. ಐದು ಗೆಳೆತನಗಳಲ್ಲಿ ಮೂರು ಒಂದೇ ವರ್ಗದ ಒಳಗೇ ಇದ್ದವು. ಉಳಿದವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಂದೇ ಒಂದು ಮೆಟ್ಟಿಲು ಮೇಲಿನ ಅಥವಾ ಕೆಳಗಿನ ಮನೆಯವರೊಂದಿಗೆ. ಎರಡು ಮೆಟ್ಟಿಲು ದಾಟಿದ ಸ್ನೇಹ ಇಪ್ಪತ್ತೈದರಲ್ಲಿ ಒಂದು. ತೀರಾ ಕೆಳಗಿನ ವರ್ಗದ ಮಕ್ಕಳನ್ನು ಈ ಲೆಕ್ಕದಲ್ಲಿ ಹುಡುಕುವುದೇ ಕಷ್ಟ, ಏಕೆಂದರೆ ಅವರಲ್ಲಿ ಬಹುಪಾಲು ಮಂದಿ ಶಾಲೆಯನ್ನೇ ಬಿಟ್ಟಾಗಿತ್ತು.

ವಿದ್ಯಾರ್ಥಿಗಳ ಬಾಯಲ್ಲಿ ವರ್ಗ ಎಂಬ ಮಾತು ಬರುತ್ತಿರಲಿಲ್ಲ. ಅವರು ತಮ್ಮೊಳಗೆ ಮೂರು ಪಂಗಡಗಳನ್ನು ಗುರುತಿಸಿಕೊಂಡಿದ್ದರು: ಗಣ್ಯರು, ಒಳ್ಳೆಯ ಮಕ್ಕಳು, ಕೊಳಕು ಗ್ಯಾಂಗು. ಕೊಳಕು ಎಂದು ಕರೆಸಿಕೊಂಡವರ ಬಟ್ಟೆ, ಕೂದಲು, ಉಗುರು, ಮನೆಯಿರುವ ಬೀದಿ ಎಲ್ಲವೂ ಇದರಲ್ಲಿ ಲೆಕ್ಕಕ್ಕೆ ಬರುತ್ತಿದ್ದವು. ಬಾಯಿಬಿಟ್ಟು ಕೇಳದೆ ಎದುರಿನವರ ಕುಲಮೂಲ ಪತ್ತೆ ಮಾಡುವ ವಿದ್ಯೆಯಲ್ಲಿ ನಮ್ಮವರೂ ಪಳಗಿದವರೇ ಆದ್ದರಿಂದ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹದಿನೈದು ವರ್ಷಗಳ ಬಳಿಕ, 1957ರ ಸುಮಾರಿಗೆ, ಜೇಮ್ಸ್ ಕೋಲ್ಮನ್ ಎಂಬ ಇನ್ನೊಬ್ಬ ಸಮಾಜಶಾಸ್ತ್ರಜ್ಞರು ಅದೇ ಇಲಿನಾಯ್ ರಾಜ್ಯದ ಹತ್ತು ಹೈಸ್ಕೂಲುಗಳಲ್ಲಿ ಹುಡುಗರಿಗೆ ಒಂದು ಸರಳ ಪ್ರಶ್ನೆ ಹಾಕಿದರು. ಶಾಲೆ ಬಿಟ್ಟ ಮೇಲೆ ನಿಮ್ಮನ್ನು ಜನ ಏನೆಂದು ನೆನಪಿಟ್ಟುಕೊಳ್ಳಬೇಕು: ಜಾಣ ವಿದ್ಯಾರ್ಥಿಯೆಂದೇ, ಆಟದ ತಾರೆಯೆಂದೇ, ಎಲ್ಲರಿಗೂ ಬೇಕಾದವನೆಂದೇ? ಹೆಚ್ಚು ಮತ ಬಿದ್ದದ್ದು ಆಟಕ್ಕೆ. ಕೋಲ್ಮನ್‌ಗೆ ಇದು ಕಳವಳದ ವಿಷಯವಾಗಿ ಕಂಡಿತು. ನನಗೆ ಹಾಗನ್ನಿಸುವುದಿಲ್ಲ. ಶಾಲೆ ಶಾಲೆಯ ನಡುವೆ ಪಂದ್ಯ ಇಟ್ಟವರು ದೊಡ್ಡವರು, ಶುಕ್ರವಾರ ಸಂಜೆ ಇಡೀ ಊರನ್ನು ಮೈದಾನಕ್ಕೆ ಕರೆದವರೂ ದೊಡ್ಡವರು. ಗಣಿತದಲ್ಲಿ ನೂರಕ್ಕೆ ನೂರು ತೆಗೆದವನಿಗಾಗಿ ಯಾವ ಊರೂ ವಾದ್ಯಮೇಳ ತರಿಸಿರಲಿಲ್ಲ. ಮಕ್ಕಳು ಕಣ್ಣೆದುರು ಕಂಡದ್ದನ್ನೇ ಹೇಳಿದರು. ಈ ಆಟದ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಸ್ವಲ್ಪ ಹಿಂದಕ್ಕೆ, ಯುದ್ಧದ ವರ್ಷಗಳಿಗೆ ಹೋಗೋಣ. ಗಿಡ್ಡ ಕಾಲುಚೀಲದ ಹುಡುಗಿಯರನ್ನು ಪತ್ರಿಕೆಗಳು ಬಾಬಿ ಸಾಕ್ಸರ್ ಎಂದು ಕರೆದವು. ರೇಷ್ಮೆ, ನೈಲಾನ್ ಎರಡೂ ಯುದ್ಧಕ್ಕೆ ಹೋಗಿದ್ದರಿಂದ ಉದ್ದನೆಯ ಸ್ಟಾಕಿಂಗ್ ಸಿಗುವುದು ಕಷ್ಟವಾಗಿತ್ತು. ಗಿಡ್ಡ ಕಾಲುಚೀಲ, ಕಪ್ಪು ಬಿಳುಪಿನ ಸ್ಯಾಡಲ್ ಶೂ, ಮೊಣಕಾಲ ತನಕ ಬರುವ ಸ್ಕರ್ಟು, ಮೇಲೆ ಎರಡು ಅಳತೆ ದೊಡ್ಡದಾದ ಜೋಲು ಸ್ವೆಟರು. ಮನೆಯಲ್ಲಿದ್ದಾಗ ಅಪ್ಪನ ಅಂಗಿ, ಮಡಚಿದ ಜೀನ್ಸು. ಅವರ ಆರಾಧ್ಯದೈವ ಗಾಯಕ ಫ್ರ್ಯಾಂಕ್ ಸಿನಾತ್ರಾ. 1944ರ ಅಕ್ಟೋಬರ್ 12ರಂದು ನ್ಯೂಯಾರ್ಕಿನ ಪ್ಯಾರಮೌಂಟ್ ಥಿಯೇಟರಿನಲ್ಲಿ ಆತನ ಕಾರ್ಯಕ್ರಮ. ಒಂದು ಟಿಕೆಟ್ ಕೊಂಡವರು ದಿನವಿಡೀ ಕೂತು ಎಲ್ಲ ಪ್ರದರ್ಶನಗಳನ್ನೂ ನೋಡಬಹುದಿತ್ತು. ಥಿಯೇಟರಿನವರ ಲೆಕ್ಕಾಚಾರ ತಲೆಕೆಳಗಾದದ್ದು ಅಲ್ಲೇ. ಮೊದಲ ಆಟ ಮುಗಿದರೂ ಒಳಗಿದ್ದ ಹುಡುಗಿಯರು ಕುರ್ಚಿ ಬಿಟ್ಟು ಏಳಲಿಲ್ಲ. ಹೊರಗೆ ಸರದಿಯಲ್ಲಿದ್ದವರು ಸುಮಾರು 30,000. ಟೈಮ್ಸ್ ಸ್ಕ್ವೇರ್‌ನಲ್ಲಿ ಕಿಟಕಿಗಾಜುಗಳು ಒಡೆದವು, ನೂರಾರು ಪೊಲೀಸರು ಬರಬೇಕಾಯಿತು. ಯುದ್ಧ ನಡೆಯುತ್ತಿರುವಾಗ ಇದೇನು ಹುಚ್ಚು ಎಂದು ಹಿರಿಯರು ಬೈದರು. ವ್ಯಾಪಾರಿಗಳು ಬೈಯುವ ಗೋಜಿಗೆ ಹೋಗಲಿಲ್ಲ, ತಲೆ ಎಣಿಸಿದರು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೆಲೆನ್ ವ್ಯಾಲೆಂಟೈನ್ ಅವರ ಸಂಪಾದಕತ್ವದಲ್ಲಿ ಸೆವೆಂಟೀನ್ ಎಂಬ ಮಾಸಪತ್ರಿಕೆ ಹೊರಬಂತು. ಮೊದಲ ಸಂಚಿಕೆಯ 4 ಲಕ್ಷ ಪ್ರತಿಗಳು ಒಂದು ವಾರದೊಳಗೆ ಖರ್ಚಾದವು. ಪತ್ರಿಕೆಗಿಂತ ಕುತೂಹಲದ್ದು ಅದರ ಪ್ರಚಾರ ವಿಭಾಗ. ಅಲ್ಲಿದ್ದ ಎಸ್ಟೆಲ್ ಎಲ್ಲಿಸ್ ಓದುಗರ ಸಮೀಕ್ಷೆ ಮಾಡಿಸಿ, ಬಂದ ಉತ್ತರಗಳಿಂದ ಟೀನಾ ಎಂಬೊಬ್ಬ ಕಲ್ಪಿತ ಹುಡುಗಿಯನ್ನು ಸೃಷ್ಟಿಸಿ ಜಾಹೀರಾತುದಾರರ ಮುಂದೆ ನಿಲ್ಲಿಸಿದರು. ಟೀನಾ ಹೈಸ್ಕೂಲ್ ವಿದ್ಯಾರ್ಥಿನಿ, ಅನುಕೂಲಸ್ಥ ಮನೆಯವಳು, ಗೆಳತಿಯರು ಏನು ತೊಡುತ್ತಾರೋ ಅದನ್ನೇ ತೊಡಲು ಬಯಸುವವಳು, ಅಪ್ಪ ಅಮ್ಮನ ಖರೀದಿಯಲ್ಲೂ ಅವಳ ಮಾತು ನಡೆಯುತ್ತದೆ. ಅಂದರೆ ಗುಂಪಿನ ಭಯವನ್ನೇ ಸರಕು ಮಾಡಿ ಮಾರಿದ್ದು. ಷಿಕಾಗೋದಲ್ಲಿ ಯೂಜೀನ್ ಗಿಲ್ಬರ್ಟ್ ಎಂಬ ಹುಡುಗ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವನು ತನ್ನ ವಯಸ್ಸಿನ ಗಿರಾಕಿಗಳೇ ಬರುತ್ತಿಲ್ಲ ಎಂಬುದನ್ನು ಗಮನಿಸಿ, ಆಮೇಲೆ ಹದಿಹರೆಯದವರಿಂದಲೇ ಹದಿಹರೆಯದವರನ್ನು ಸಂದರ್ಶಿಸುವ ಕಂಪನಿ ಕಟ್ಟಿದ. 1959ರಲ್ಲಿ ಲೈಫ್ ಪತ್ರಿಕೆ ಈ ವಯಸ್ಸಿನವರ ವಾರ್ಷಿಕ ಖರ್ಚು 1,000 ಕೋಟಿ ಡಾಲರ್ ಎಂದು ಬರೆಯಿತು.

ಟೀನಾಳ ಬಣ್ಣ ಯಾವುದು ಎಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೇ ಬರಲಿಲ್ಲ. ಆದರೆ ಯುದ್ಧಕಾಲದ ಅಮೆರಿಕದಲ್ಲಿ ಹದಿಹರೆಯದವರ ಇನ್ನೊಂದು ಫ್ಯಾಷನ್ ಇತ್ತು. ಅದಕ್ಕೆ ಬಿದ್ದದ್ದು ಲಾಠಿ ಏಟು.

ಜೂಟ್ ಸೂಟ್. ಭುಜದಲ್ಲಿ ತುಂಬು ಪ್ಯಾಡು, ಮೊಣಕಾಲು ಮುಟ್ಟುವ ಕೋಟು, ಎದೆಯ ಹತ್ತಿರದಿಂದ ಶುರುವಾಗಿ ಮೊಣಕಾಲಿನಲ್ಲಿ ದೊಗಳೆಯಾಗಿ ಹರಡಿ ಹಿಮ್ಮಡಿಯಲ್ಲಿ ಬಿಗಿಯಾಗುವ ಪ್ಯಾಂಟು, ಜೋತುಬಿದ್ದ ಗಡಿಯಾರದ ಸರಪಳಿ. ಹಾರ್ಲೆಮ್‌ನಂಥ ಕಪ್ಪುವರ್ಣೀಯರ ಕೇರಿಗಳ ನೃತ್ಯಶಾಲೆಗಳಿಂದ ಹೊರಟು ಲಾಸ್ ಏಂಜಲೀಸ್‌ನ ಮೆಕ್ಸಿಕೋ ಮೂಲದ ಹುಡುಗರ ಮೈಮೇಲೆ ಬಂದು ನಿಂತಿತು. ಅವರನ್ನು ಪಚೂಕೋಗಳು ಎನ್ನುತ್ತಿದ್ದರು. ಅವರದೇ ಧಾಟಿಯ ಉಡುಪು ತೊಟ್ಟ ಹುಡುಗಿಯರು ಪಚೂಕಾಗಳು. 1942ರಲ್ಲಿ ಯುದ್ಧೋತ್ಪಾದನಾ ಮಂಡಳಿ ಉಣ್ಣೆ ಬಳಕೆಗೆ ಮಿತಿ ಹಾಕಿದಾಗ ಈ ಸೂಟಿನಷ್ಟು ಬಟ್ಟೆ ನುಂಗುವ ಉಡುಪು ದೇಶದ್ರೋಹದ ಗುರುತಾಯಿತು. 1943ರ ಜೂನ್ 3ರ ರಾತ್ರಿಯಿಂದ ಕೆಲವು ದಿನ, ರಜೆಯಲ್ಲಿದ್ದ ನಾವಿಕರು ಗುಂಪು ಕಟ್ಟಿಕೊಂಡು, ಟ್ಯಾಕ್ಸಿಗಳಲ್ಲಿ ಮೆರವಣಿಗೆ ಹೊರಟು, ಸಿನಿಮಾ ಮಂದಿರಗಳೊಳಗೂ ನುಗ್ಗಿ ಹುಡುಗರನ್ನು ಎಳೆದು ಬಡಿದು ನಡುಬೀದಿಯಲ್ಲಿ ಅವರ ಸೂಟು ಬಿಚ್ಚಿಸಿದರು. ಪೊಲೀಸರು ಬಂಧಿಸಿದ್ದು ಹೆಚ್ಚಾಗಿ ಏಟು ತಿಂದವರನ್ನು. ಕೊನೆಗೆ ಸೇನೆಯೇ ತನ್ನವರಿಗೆ ನಗರಪ್ರವೇಶ ನಿಷೇಧಿಸಿದ ಮೇಲೆ ಗಲಭೆ ತಣ್ಣಗಾಯಿತು. ನಗರಸಭೆ ಆ ವಾರವೇ ಜೂಟ್ ಸೂಟ್ ಧರಿಸುವುದರ ವಿರುದ್ಧ ನಿರ್ಣಯ ಮಾಡಿತು.

ಪ್ಯಾರಮೌಂಟ್ ಥಿಯೇಟರಿನ ಗದ್ದಲ ಇದಾಗಿ ಹದಿನಾರು ತಿಂಗಳ ನಂತರದ್ದು. ಅಲ್ಲಿ ಗಾಜು ಒಡೆದ ಮಕ್ಕಳು ಮಾರುಕಟ್ಟೆಯಾದರು, ಇಲ್ಲಿ ಕೋಟು ತೊಟ್ಟ ಮಕ್ಕಳು ಅಪರಾಧಿಗಳಾದರು.

ಆದರೂ ಪಚೂಕೋಗಳ ತಲೆಗೂದಲು ಬದುಕಿಕೊಂಡಿತು. ಎಣ್ಣೆ ಹಚ್ಚಿ ಎರಡೂ ಬದಿಯ ಕೂದಲನ್ನು ಹಿಂದಕ್ಕೆ ಬಾಚಿ ಹಿಂದಲೆಯ ನಡುವೆ ಕೂಡಿಸುವುದು, ಮುಂಭಾಗವನ್ನು ಎತ್ತಿ ನಿಲ್ಲಿಸುವುದು. ಬಾತುಕೋಳಿಯ ಹಿಂಬದಿಯ ಹೆಸರಿನಿಂದ ಅದನ್ನು ಕರೆಯುತ್ತಿದ್ದರು. ಸಭ್ಯರು ಬಾಲ ಎಂದರು, ಹುಡುಗರು ಇನ್ನೊಂದು ಪದ ಬಳಸಿದರು, ಅದನ್ನು ಇಲ್ಲಿ ಹೇಳುವುದು ಬೇಡ. ಹತ್ತು ವರ್ಷ ಕಳೆಯುವುದರೊಳಗೆ ಇದೇ ತಲೆ ಬಿಳಿಯ ಕಾರ್ಮಿಕರ ಮಕ್ಕಳಿಗೆ ಬಂತು, ಅವರನ್ನು ಗ್ರೀಸರ್ ಎಂದು ಕರೆದರು. ಜೀನ್ಸಿನದೂ ಇದೇ ದಾರಿ. ಗಣಿಯವರ, ದನಗಾಹಿಗಳ ಪ್ಯಾಂಟು. ಟೀ ಷರ್ಟು ಸಿಪಾಯಿಗಳ ಒಳಂಗಿ. 1953ರಲ್ಲಿ ಮಾರ್ಲನ್ ಬ್ರಾಂಡೋ, 1955ರಲ್ಲಿ ಜೇಮ್ಸ್ ಡೀನ್ ತೆರೆಯ ಮೇಲೆ ಇವನ್ನು ತೊಟ್ಟು ಕಾಣಿಸಿಕೊಂಡ ಮೇಲೆ ಡಾಕ್ಟರ ಮಗನಿಗೂ ಕೂಲಿಯವನ ಪ್ಯಾಂಟು ಬೇಕಾಯಿತು. ಇವತ್ತು ಈ ಸಭಾಂಗಣದಲ್ಲಿ ಅರ್ಧಕ್ಕರ್ಧ ಜನ ಅದನ್ನೇ ತೊಟ್ಟು ಕೂತಿದ್ದೀರಿ, ಯಾರೂ ಗಲಾಟೆ ಮಾಡುತ್ತಿಲ್ಲ!

ಆಗ ಶಾಲೆಗಳು ಹೆದರಿದ್ದು ನಿಜ. ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ಐವತ್ತರ ದಶಕದ ನಡುವೆ ಶಾಲಾ ಮಂಡಳಿ 'ಡ್ರೆಸ್ ರೈಟ್' ಎಂಬ ಉಡುಪಿನ ನಿಯಮಾವಳಿ ತಂದಿತು. ಹುಡುಗರಿಗೆ ಟೈ, ಇಸ್ತ್ರಿ ಮಾಡಿದ ಪ್ಯಾಂಟು, ಪಾಲಿಶ್ ಮಾಡಿದ ಶೂ. ಜೀನ್ಸು, ಟೀ ಷರ್ಟು, ಮೋಟರ್‌ಸೈಕಲ್ ಬೂಟು ಕೂಡದು. ಹುಡುಗಿಯರಿಗೆ ಪ್ಯಾಂಟು ಯಾವ ತರಹದ್ದೂ ಕೂಡದು. ಒಳಗೆ ಬ್ಲೌಸಿಲ್ಲದೆ ವಿ ಆಕಾರದ ಕತ್ತಿನ ಸ್ವೆಟರ್ ಕೂಡದು. ನನಗೆ ಇದರಲ್ಲಿ ಸ್ವಾರಸ್ಯವಾಗಿ ಕಾಣುವುದು ನಿಷೇಧಗಳ ಪಟ್ಟಿಯಲ್ಲ. ಈ ನಿಯಮಾವಳಿಗೆ ನಗರದ ಹೈಸ್ಕೂಲುಗಳ ವಿದ್ಯಾರ್ಥಿ ಪ್ರತಿನಿಧಿಗಳ ಒಪ್ಪಿಗೆಯ ಮುದ್ರೆ ಇತ್ತು. ಪ್ರತಿನಿಧಿಗಳಾಗಿ ಆರಿಸಿಬರುತ್ತಿದ್ದವರು ಯಾವ ಊಟದ ಮೇಜಿನವರು ಎಂಬುದು ನಿಮಗೆ ಈಗಾಗಲೇ ಗೊತ್ತಿದೆ. ಪೀಳಿಗೆಗಳ ಜಗಳ ಎಂದು ನಾವು ಓದಿಕೊಂಡು ಬಂದದ್ದರಲ್ಲಿ ಎಷ್ಟೋ ಭಾಗ ಒಂದೇ ಪೀಳಿಗೆಯ ಟೈ ಕಟ್ಟಿದವರಿಗೂ ಜೀನ್ಸ್ ತೊಟ್ಟವರಿಗೂ ನಡೆದ ಜಗಳ.

ಪ್ರೇಮದ ವಿಷಯ ಬಿಟ್ಟರೆ ನೀವು ಒಪ್ಪುವುದಿಲ್ಲ, ಆದ್ದರಿಂದ ಎರಡು ಮಾತು. ಯುದ್ಧಕ್ಕೆ ಮುಂಚೆ ಹೆಚ್ಚು ಜನರೊಂದಿಗೆ ಸುತ್ತಾಡುವ ಹುಡುಗಿಗೆ ಗುಂಪಿನಲ್ಲಿ ಬೆಲೆ. ಯುದ್ಧ ಮುಗಿದ ಮೇಲೆ ಒಬ್ಬನೊಂದಿಗೇ ಜೋಡಿಯಾಗಿರುವುದು ರೂಢಿಯಾಯಿತು. ಹುಡುಗ ತನ್ನ ಶಾಲೆಯ ಉಂಗುರ ಕೊಡುತ್ತಿದ್ದ. ಅದು ಅವಳ ಬೆರಳಿಗೆ ಸಡಿಲ. ಹಾಗಾಗಿ ಒಳಭಾಗಕ್ಕೆ ಟೇಪು ಅಥವಾ ಉಣ್ಣೆ ದಾರ ಸುತ್ತಿ ಬಿಗಿ ಮಾಡಿಕೊಳ್ಳುತ್ತಿದ್ದಳು. ದಾರದ ಬಣ್ಣ ಉಡುಪಿಗೆ ಹೊಂದಬೇಕು. ಇಬ್ಬರಿಗೂ ಪ್ರತಿ ಶನಿವಾರ ಜೊತೆ ಸಿಗುತ್ತದೆ ಎಂಬ ಭದ್ರತೆ. ತಂದೆತಾಯಿಯರು, ಪಾದ್ರಿಗಳು ಇಷ್ಟು ಬೇಗ ಜೋಡಿಯಾಗಬೇಡಿ, ನಾಲ್ಕಾರು ಜನರೊಂದಿಗೆ ತಿರುಗಾಡಿ ಎಂದು ಬುದ್ಧಿ ಹೇಳುತ್ತಿದ್ದರು. ನಮ್ಮ ಮನೆಗಳಲ್ಲಿ ಈ ಬುದ್ಧಿಮಾತು ಕೇಳಿಬರಲಾರದು! ಈ ಆಟ ಬೇಗ ಗಂಭೀರವಾಗುತ್ತಿತ್ತು. 1956ರಲ್ಲಿ ಅಮೆರಿಕದ ಹೆಣ್ಣುಮಕ್ಕಳ ಮೊದಲ ಮದುವೆಯ ಮಧ್ಯಮ ವಯಸ್ಸು 20.1. ಅಂದರೆ ಮದುವೆಯಾಗುತ್ತಿದ್ದವರಲ್ಲಿ ಅರ್ಧದಷ್ಟು ಮಂದಿಗೆ ಇಪ್ಪತ್ತು ದಾಟಿದ್ದೇ ಅನುಮಾನ.

ಸಂಗೀತಕ್ಕೆ ಬರೋಣ. 1949ರಲ್ಲಿ ಆರ್‌ಸಿಎ ವಿಕ್ಟರ್ ಕಂಪನಿ ಏಳು ಇಂಚಿನ, ನಿಮಿಷಕ್ಕೆ 45 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆ ತಂದಿತು. ಒಂದು ಕಡೆ ಒಂದು ಹಾಡು, ಪಾಕೆಟ್ ಮನಿಗೆ ಎಟಕುವ ಬೆಲೆ. 1954ರಲ್ಲಿ ಟ್ರಾನ್ಸಿಸ್ಟರ್ ರೇಡಿಯೋ ಮಾರುಕಟ್ಟೆಗೆ ಬಂತು. ಮೊದಲನೆಯದು, ರೀಜೆನ್ಸಿ ಟಿಆರ್-1, ಸುಮಾರು 50 ಡಾಲರ್, ಬಡವರಿಗೆ ದುಬಾರಿಯೇ. ಆದರೆ ಹಜಾರದಲ್ಲಿ ಅಪ್ಪ ಕೂತು ಕೇಳುವ ರೇಡಿಯೋದಿಂದ ಹಾಡು ಬಿಡುಗಡೆ ಹೊಂದಿತು. ಕ್ಲೀವ್‌ಲ್ಯಾಂಡಿನಲ್ಲಿ ಅಲನ್ ಫ್ರೀಡ್ ಎಂಬ ಬಿಳಿಯ ನಿರೂಪಕ 1951ರಿಂದ ರಾತ್ರಿ ಹೊತ್ತು ಕಪ್ಪುವರ್ಣೀಯರ ರಿದಮ್ ಅಂಡ್ ಬ್ಲೂಸ್ ತಟ್ಟೆಗಳನ್ನು ಹಾಕತೊಡಗಿದ್ದ. ಗಾಳಿಗೆ ಕೇರಿಯ ಗಡಿ ಇಲ್ಲ. ಬಿಳಿಯರ ಮಕ್ಕಳೂ ಹಾಸಿಗೆಯಲ್ಲಿ ಮಲಗಿ ಕೇಳಿದರು.

ಮೆಂಫಿಸ್‌ನ ಎಲ್ವಿಸ್ ಇದರ ಫಲ. ಸಿನಿಮಾ ಮಂದಿರದಲ್ಲಿ ಜನರಿಗೆ ಜಾಗ ತೋರಿಸುವ ಕೆಲಸದಲ್ಲಿದ್ದಾಗಲೇ ಬೀಲ್ ಸ್ಟ್ರೀಟಿನ ಲ್ಯಾನ್ಸ್ಕಿ ಬ್ರದರ್ಸ್ ಅಂಗಡಿಯ ಕಿಟಕಿಯ ಮುಂದೆ ನಿಂತು ನೋಡುತ್ತಿದ್ದ ಹುಡುಗ. ಅದು ಕಪ್ಪುವರ್ಣೀಯ ಸಂಗೀತಗಾರರು ಬಟ್ಟೆ ಕೊಳ್ಳುತ್ತಿದ್ದ ಅಂಗಡಿ. ಗುಲಾಬಿ, ಕಪ್ಪು ಬಣ್ಣದ ಜೋಡಿ ಅಲ್ಲಿಂದಲೇ ಅವನಿಗೆ ಅಂಟಿತು. ಬಿಗ್ ಮಾಮಾ ಥಾರ್ನ್‌ಟನ್ 1952ರಲ್ಲಿ ಹಾಡಿದ 'ಹೌಂಡ್ ಡಾಗ್' 1956ರಲ್ಲಿ ಅವನ ಬಾಯಿಂದ ಬಂದಾಗ ದೇಶವೇ ಎದ್ದು ಕೂತಿತು. ಅದೇ ಸೆಪ್ಟೆಂಬರ್ 9ರಂದು ಎಡ್ ಸಲಿವನ್ ಟಿವಿ ಕಾರ್ಯಕ್ರಮದಲ್ಲಿ ಅವನನ್ನು ನೋಡಿದವರು ಸುಮಾರು 6 ಕೋಟಿ. 1957ರ ಜನವರಿಯಲ್ಲಿ ಮತ್ತೆ ಬಂದಾಗ ಕ್ಯಾಮೆರಾ ಸೊಂಟದಿಂದ ಕೆಳಗೆ ಇಳಿಯಲಿಲ್ಲ. ಎಲ್ವಿಸ್ ಕದ್ದ ಎಂದು ಹೇಳುವವರಿದ್ದಾರೆ. ಅವನಿಗೆ ಆ ಸಂಗೀತದ ಮೇಲೆ ನಿಜವಾದ ಪ್ರೀತಿಯಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಪ್ರೀತಿಯಿದ್ದ ಮಾತ್ರಕ್ಕೆ ರಾಯಧನದ ಲೆಕ್ಕ ಸರಿಹೋಗುವುದಿಲ್ಲ.

1957ರ ಬೇಸಿಗೆಯಲ್ಲಿ ಅಲನ್ ಫ್ರೀಡ್‌ನಿಗೆ ಎಬಿಸಿ ಟಿವಿ ಜಾಲದಲ್ಲಿ ಒಂದು ಕಾರ್ಯಕ್ರಮ ಸಿಕ್ಕಿತು. ಹದಿನಾಲ್ಕರ ಕಪ್ಪುವರ್ಣೀಯ ಗಾಯಕ ಫ್ರಾಂಕಿ ಲೈಮನ್ ಅದರಲ್ಲಿ ಬಿಳಿಯ ಹುಡುಗಿಯೊಬ್ಬಳೊಂದಿಗೆ ಕುಣಿದ. ದಕ್ಷಿಣದ ರಾಜ್ಯಗಳ ಕೇಂದ್ರಗಳು ಸಿಡಿದೆದ್ದವು, ಕಾರ್ಯಕ್ರಮ ಕೆಲವೇ ವಾರಗಳಲ್ಲಿ ನಿಂತುಹೋಯಿತು. ಅದೇ ಆಗಸ್ಟ್ 5ರಂದು ಅದೇ ಜಾಲ ಫಿಲಡೆಲ್ಫಿಯಾದ ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್ ಕಾರ್ಯಕ್ರಮವನ್ನು ದೇಶಾದ್ಯಂತ ಪ್ರಸಾರ ಮಾಡತೊಡಗಿತು. ನಿರೂಪಕ ಡಿಕ್ ಕ್ಲಾರ್ಕ್, ಸಭ್ಯ ನಗೆಯ ತರುಣ. ಶಾಲೆ ಬಿಟ್ಟು ಬಂದ ಮಕ್ಕಳು ಸ್ಟುಡಿಯೋದಲ್ಲಿ ತಟ್ಟೆಯ ಹಾಡಿಗೆ ಕುಣಿಯುತ್ತಿದ್ದರು. ಹುಡುಗರಿಗೆ ಕೋಟು, ಟೈ. ಹುಡುಗಿಯರಿಗೆ ಪ್ಯಾಂಟು ಕೂಡದು. ದಿನವೂ ಬರುವ ಮಕ್ಕಳು ಕ್ರಮೇಣ ತಾರೆಗಳೇ ಆದರು, ಅವರಿಗೆ ಕಂತೆ ಕಂತೆ ಪತ್ರ ಬರುತ್ತಿತ್ತು. ಊರ ಶಾಲೆಯಲ್ಲಿದ್ದ ಮುಚ್ಚಿದ ಗುಂಪು ಈಗ ಇಡೀ ದೇಶಕ್ಕೆ ಮಾದರಿಯಾಯಿತು. ಯಾರ ಕೂದಲು ಹೇಗಿದೆ, ಯಾರು ಯಾರ ಜೋಡಿ ಎಂದು ಟೆಕ್ಸಾಸ್‌ನ ಹುಡುಗಿ ತಿಳಿದುಕೊಂಡಳು.

ಸ್ಟುಡಿಯೋ ಇದ್ದದ್ದು ಪಶ್ಚಿಮ ಫಿಲಡೆಲ್ಫಿಯಾದಲ್ಲಿ, ಕಪ್ಪುವರ್ಣೀಯರ ಮನೆಗಳು ಹೆಚ್ಚುತ್ತಿದ್ದ ಪ್ರದೇಶದಲ್ಲಿ. ಅವರ ಮಕ್ಕಳಿಗೆ ಬಾಗಿಲು ತೆರೆಯಲಿಲ್ಲ. ಬೇಡ ಎಂದು ಬಾಯಲ್ಲಿ ಹೇಳಬೇಕಿರಲಿಲ್ಲ. ಪ್ರವೇಶಪತ್ರಕ್ಕೆ ಮೊದಲೇ ಅಂಚೆಯಲ್ಲಿ ಬರೆಯಬೇಕಿತ್ತು, ಹೆಸರು ಮತ್ತು ಬೀದಿ ನೋಡಿದರೆ ಸಾಕಿತ್ತು. ಕೆಲವು ಕಪ್ಪು ಹುಡುಗರು ಐರಿಷ್, ಪೋಲಿಷ್, ಇಟಾಲಿಯನ್ ಮನೆತನದ ಹೆಸರು ಹಾಕಿ ಬರೆದು ಪ್ರವೇಶಪತ್ರ ತರಿಸಿಕೊಂಡು ಒಳಹೊಕ್ಕದ್ದೂ ಉಂಟು. ಇತ್ತ ಪಕ್ಕದ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿ ಮಿಚ್ ಥಾಮಸ್ ಎಂಬ ಕಪ್ಪುವರ್ಣೀಯ ನಿರೂಪಕ 1955ರಿಂದಲೇ ಕಪ್ಪು ಮಕ್ಕಳ ನೃತ್ಯ ಕಾರ್ಯಕ್ರಮ ನಡೆಸುತ್ತಿದ್ದ. ಬ್ಯಾಂಡ್‌ಸ್ಟ್ಯಾಂಡಿನ ಮಕ್ಕಳು ಮನೆಯಲ್ಲಿ ಕೂತು ಅದನ್ನು ನೋಡಿ ಹೆಜ್ಜೆ ಕಲಿಯುತ್ತಿದ್ದರು. ಎರಡು ಸಾಲು ಎದುರುಬದುರು ನಿಂತು ನಡುವೆ ಜೋಡಿಗಳು ಸಾಗುವ ಸ್ಟ್ರೋಲ್ ಎಂಬ ನೃತ್ಯ ಹೀಗೆ ಬಂದದ್ದು. ಮಿಚ್ ಥಾಮಸ್‌ನ ಕಾರ್ಯಕ್ರಮ 1958ರಲ್ಲಿ ನಿಂತಿತು. ಸ್ಟ್ರೋಲ್ ದೇಶವೆಲ್ಲ ಸುತ್ತಿತು.

ಬ್ಯಾಂಡ್‌ಸ್ಟ್ಯಾಂಡ್ ದೇಶಕ್ಕೆ ಬಂದು ಒಂದು ತಿಂಗಳಿಗೆ, ಸೆಪ್ಟೆಂಬರ್ 4ರಂದು, ಆರ್ಕನ್ಸಾ ರಾಜ್ಯದ ಲಿಟಲ್ ರಾಕ್‌ನಲ್ಲಿ ಹದಿನೈದು ವರ್ಷದ ಎಲಿಜಬೆತ್ ಎಕ್‌ಫರ್ಡ್ ಸೆಂಟ್ರಲ್ ಹೈಸ್ಕೂಲಿಗೆ ಹೊರಟಳು. ಕೋರ್ಟಿನ ಆದೇಶದಂತೆ, ಅದುವರೆಗೆ ಬಿಳಿಯರಿಗಷ್ಟೇ ಇದ್ದ ಆ ಶಾಲೆಗೆ ಸೇರಬೇಕಿದ್ದ ಒಂಬತ್ತು ಕಪ್ಪು ಮಕ್ಕಳಲ್ಲಿ ಒಬ್ಬಳು. ಉಳಿದ ಎಂಟು ಮಂದಿ ಒಟ್ಟಾಗಿ ಹೋಗುವುದೆಂದು ತೀರ್ಮಾನವಾಗಿತ್ತು. ಎಲಿಜಬೆತ್ ಮನೆಯಲ್ಲಿ ಫೋನ್ ಇರಲಿಲ್ಲ, ಸುದ್ದಿ ಮುಟ್ಟಲಿಲ್ಲ. ಆ ದಿನದ ಫೋಟೋ ನೀವು ನೋಡಿರುತ್ತೀರಿ: ಕೈಯಲ್ಲಿ ನೋಟ್‌ಬುಕ್, ಕಣ್ಣಿಗೆ ಕಪ್ಪು ಕನ್ನಡಕ, ಹಿಂದೆ ಬಾಯಿ ತೆರೆದು ಕಿರುಚುತ್ತಿರುವ ಅದೇ ವಯಸ್ಸಿನ ಬಿಳಿಯ ಹುಡುಗಿ. ಆ ಫೋಟೋ ಸಿಕ್ಕಾಗ ಮುಖಗಳನ್ನು ಬಿಟ್ಟು ಒಮ್ಮೆ ಬಟ್ಟೆ ನೋಡಿ. ಎಲಿಜಬೆತ್ ತೊಟ್ಟದ್ದು ಶಾಲೆಯ ಮೊದಲ ದಿನಕ್ಕೆಂದು ಮನೆಯಲ್ಲೇ ಹೊಲಿದುಕೊಂಡ ಬಿಳಿಯ ಉಡುಪು, ಕೆಳಗೆ ಅಗಲಕ್ಕೆ ಚೌಕುಳಿ ಬಟ್ಟೆಯ ಅಂಚು, ಸೊಂಟದಿಂದ ಕೆಳಗೆ ಹರಡಿದ ನಿರಿಗೆ. ಸೆವೆಂಟೀನ್ ಪತ್ರಿಕೆಯ ಪುಟದಲ್ಲಿ ಇಟ್ಟರೆ ಹೊಂದಿಕೊಳ್ಳುವಂಥದ್ದು. ಟೀನಾ ಏನೇನು ಮಾಡಬೇಕೆಂದು ಹತ್ತು ವರ್ಷ ಹೇಳಿಕೊಟ್ಟಿದ್ದರೋ ಅದೆಲ್ಲವನ್ನೂ ಅವಳು ಮಾಡಿದ್ದಳು. ಬಾಗಿಲಲ್ಲಿ ರಾಜ್ಯದ ಮೀಸಲು ಪಡೆಯಾದ ನ್ಯಾಷನಲ್ ಗಾರ್ಡ್‌ನ ಸೈನಿಕರು ಬಂದೂಕು ಅಡ್ಡ ಹಿಡಿದರು.

ಆ ತಿಂಗಳ ಕೊನೆಗೆ ಅಧ್ಯಕ್ಷ ಐಸೆನ್‌ಹೋವರ್ ಸೇನೆ ಕಳಿಸಿದ ಮೇಲೆ ಒಂಬತ್ತು ಮಂದಿಯೂ ಒಳಗೆ ಹೋದರು. ಆದರೆ ಅವರಿಗೆ ಮೊದಲೇ ಷರತ್ತು ಹಾಕಲಾಗಿತ್ತು: ಪಾಠ ಕೇಳಬಹುದು, ಆಟದ ತಂಡ, ಹಾಡಿನ ಮೇಳ, ಸಂಘಗಳಲ್ಲಿ ಸೇರುವಂತಿಲ್ಲ. ಅಂದರೆ ಹೈಸ್ಕೂಲಿನಲ್ಲಿ ನಿಜವಾಗಿ ಲೆಕ್ಕಕ್ಕೆ ಬರುವ ಎಲ್ಲದರಿಂದಲೂ ಹೊರಗೆ. ಡಿಸೆಂಬರಿನಲ್ಲಿ ಆ ಒಂಬತ್ತರಲ್ಲಿ ಒಬ್ಬಳಾದ ಮಿನಿಜೀನ್ ಬ್ರೌನ್ ಊಟದ ಕೋಣೆಯಲ್ಲಿ ತಟ್ಟೆ ಹಿಡಿದು ಬರುತ್ತಿದ್ದಾಗ ಹುಡುಗರು ಕುರ್ಚಿಗಳನ್ನು ದಾರಿಗೆ ಅಡ್ಡ ತಳ್ಳಿದರು. ತಟ್ಟೆಯಲ್ಲಿದ್ದ ಚಿಲ್ಲಿ ಸಾರು ಆ ಹುಡುಗರ ತಲೆಯ ಮೇಲೆ ಬಿತ್ತು. ಅಮಾನತಾದದ್ದು ಮಿನಿಜೀನ್, ಫೆಬ್ರವರಿಯಲ್ಲಿ ಇನ್ನೊಂದು ಜಗಳದ ನಂತರ ಶಾಲೆಯಿಂದಲೇ ಹೊರಹಾಕಿದರು.

ಮುಂದಿನ ವರ್ಷ, 1958ರ ಸೆಪ್ಟೆಂಬರಿನಲ್ಲಿ, ಗವರ್ನರ್ ಆರ್ವಲ್ ಫಾಬಸ್ ಬಿಳಿಯರೂ ಕಪ್ಪುವರ್ಣೀಯರೂ ಕೂಡಿ ಕಲಿಯುವುದನ್ನು ತಪ್ಪಿಸಲು ಲಿಟಲ್ ರಾಕ್‌ನ ನಾಲ್ಕೂ ಸರ್ಕಾರಿ ಹೈಸ್ಕೂಲುಗಳಿಗೆ ಬೀಗ ಹಾಕಿಸಿದರು. 3,600ಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಇಡೀ ವರ್ಷ ಶಾಲೆಯಿಲ್ಲ. ಕೆಲವರು ನೆಂಟರ ಊರಿಗೆ ಹೋದರು, ಕೆಲವರು ಖಾಸಗಿ ಶಾಲೆ ಸೇರಿದರು, ಕೆಲವರಿಗೆ ಓದು ಅಲ್ಲಿಗೇ ಮುಗಿಯಿತು. ಕೋಲ್ಮನ್ ಕೇಳಿದ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ. ಪಾಠ ನಿಂತ ಆ ವರ್ಷವೂ ಹೈಸ್ಕೂಲುಗಳ ಫುಟ್‌ಬಾಲ್ ಪಂದ್ಯಗಳು ನಿಲ್ಲಲಿಲ್ಲ. ಅವಕ್ಕೆ ಗವರ್ನರ್ ಫಾಬಸ್ ಅವರ ಒಪ್ಪಿಗೆ ಇತ್ತು.